ಊರೊಂದೇ, ಕಾಗುಣಿತ ಹಲವು

ಮತ್ತೆ ಓದಲು ಶುರುಮಾಡಿದ್ದೇನೆ ಎಂದರೆ ಜನ ಮೊದಲು ಸಂತೋಷಪಡುತ್ತಾರೆ. ಏನು ಓದುತ್ತಿದ್ದೇನೆ ಎಂದು ತಿಳಿದ ಮೇಲೆ ಮುಖ ನೋಡುತ್ತಾರೆ. ಡಾಕ್ಟರು ಹೃದಯದ ಬಗ್ಗೆಯೋ ಕಣ್ಣಿನ ಬಗ್ಗೆಯೋ ಇನ್ನಷ್ಟು ಓದಿದರೆ ಎಲ್ಲರಿಗೂ ಸರಿ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವಳು ಅದರ ಮೇಲೊಂದು ವಿಶೇಷ ಡಿಪ್ಲೊಮಾ ಮಾಡುತ್ತಾಳೆಂದರೆ ಮಾತ್ರ, ಕಪಾಟಿನ ಬೀಗ ತೆಗೆಯುವುದರಲ್ಲಿ ಇನ್ನೇನಪ್ಪಾ ವಿಶೇಷ ಎಂಬ ಅನುಮಾನ.

ಇಳಕಲ್ಲಿನ ನಮ್ಮ ಮನೆಯಲ್ಲಿ ಈ ಅನುಮಾನವನ್ನು ಬಾಯಿಬಿಟ್ಟು ಕೇಳಿದವರು ನಮ್ಮ ಅತ್ತೆ. "ಇಷ್ಟು ವರ್ಷ ಪುಸ್ತಕ ಕೊಟ್ಟಿ, ತಿರುಗಿ ತಗೊಂಡಿ. ಅದರಾಗ ಇನ್ನೂ ಕಲಿಯೂದು ಏನ್ ಉಳದೈತಿ ಯವ್ವಾ?"

ಜ್ಞಾನದಾಹ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ನಡುವಯಸ್ಸಿನಲ್ಲಿ ನನ್ನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿದ್ದು ಬರೀ ಸಿಟ್ಟು. ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸುತ್ತಮುತ್ತಲ ಊರುಗಳ ಚರಿತ್ರೆ, ಶಾಸನ, ಹೆಣ್ಣುಮಕ್ಕಳ ಹಾಡು ಇವುಗಳ ಹಳೆಯ ಪುಸ್ತಕಗಳಿವೆ. ಅವುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ವಿಚಿತ್ರವೆಂದರೆ, ಅವನ್ನು ಕೇಳುವವರೇ ಇಲ್ಲವಾದರು. ಒಂದು ದಿನ ಪ್ರಾಚಾರ್ಯರು ಕರೆದರು.

"ಆ ಖೋಲಿ ಖಾಲಿ ಮಾಡೂಣ್ರಿ ಮೇಡಂ. ಯಾರೂ ಓದದ ಪುಸ್ತಕ ಇಟ್ಕೊಂಡು ಏನ್ ಮಾಡ್ತೀರಿ? ರದ್ದಿಗೆ ಹಾಕಿ ಅಲ್ಲೊಂದು ಕಂಪ್ಯೂಟರ್ ಲ್ಯಾಬ್ ಮಾಡೂಣು."

"ಓದೂದಿಲ್ಲ ಅಂತಲ್ರೀ ಸರ್, ಹುಡುಕಿದವರಿಗೆ ಸಿಗವಲ್ಲವು," ಎಂದೆ.

"ಯಾಕ ಸಿಗವಲ್ಲವು?"

ಅದನ್ನು ಕಂಡುಹಿಡಿದು ಹೇಳುತ್ತೇನೆ ಎಂದೆ. ಮುಂದಿನ ಬೇಸಿಗೆ ರಜೆ ಮುಗಿಯುವವರೆಗೆ ಅವರು ಸಮಯ ಕೊಟ್ಟರು.

ಹೀಗೆ ನಾನು ಭಾನುವಾರಗಳಂದು ಬಾಗಲಕೋಟೆಯ ಬಸ್ಸು ಹಿಡಿದು ಅಲ್ಲಿನ ನವನಗರದ ಡಿಪ್ಲೊಮಾ ತರಗತಿಗೆ ಹೋಗತೊಡಗಿದೆ. ಮೊದಲ ದಿನ ಒಳಗೆ ಕಾಲಿಟ್ಟದ್ದೇ ತಡ, ಇಡೀ ತರಗತಿ ಎದ್ದು ನಿಂತು ನಮಸ್ಕಾರ ಹೇಳಿತು. ನಾನು ಅದೇ ಗಾಂಭೀರ್ಯದಲ್ಲಿ ಕೈಸನ್ನೆ ಮಾಡಿ ಎಲ್ಲರನ್ನೂ ಕೂರಿಸಿ, ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹುಡುಗಿಯರು ನಕ್ಕ ನಗು ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೂ ನಿಲ್ಲಲಿಲ್ಲ. ಪಾಠ ಹೇಳುವ ಶಬಾನಾ ಮೇಡಂ ಕೂಡ ವಯಸ್ಸಿನಲ್ಲಿ ನನ್ನ ತಂಗಿಯಂಥವರು. "ಅಕ್ಕಾರ, ನಿಮ್ಮ ಲೈಬ್ರರಿ ಪಟ್ಟಿ ತೆಗೀರಿ. ನಿಮ್ಮೂರ ಹೆಸರು ಹಾಕಿ ಹುಡುಕ್ರಿ," ಎಂದರು ಒಂದು ದಿನ.

'ಇಳಕಲ್' ಎಂದು ಹಾಕಿದೆ. ಒಂದೆರಡು ಪುಸ್ತಕ ಬಂದವು. ಬೆರಳು ತಪ್ಪಿ 'ಇಲಕಲ್' ಎಂದಾಯಿತು. ಬೇರೆಯೇ ಪುಸ್ತಕಗಳು ಬಂದವು. 'ಇಳಕಲ್ಲ' ಎಂದೆ, ಮತ್ತೂ ಬೇರೆ. ನಾನು ಕೂತಲ್ಲಿಂದಲೇ ಕೂಗಿಬಿಟ್ಟೆ. ನಮ್ಮ ಪುಸ್ತಕಗಳು ಎಲ್ಲೂ ಹೋಗಿರಲಿಲ್ಲ, ಕಾಗುಣಿತದಲ್ಲಿ ಕಳೆದುಹೋಗಿದ್ದವು!

ನಮ್ಮ ಸೀಮೆಯ ಊರುಗಳೇ ಹಾಗೆ. ಬಾಗಲಕೋಟೆ ಬಾಯಲ್ಲಿ ಬಾಗಲಕೋಟಿಯಾಗುತ್ತದೆ, ಕೆಲವು ಪುಸ್ತಕಗಳಲ್ಲಿ ಬಾಗಲಕೋಟ. ಬಾದಾಮಿ ಅವಸರದಲ್ಲಿ ಬದಾಮಿ, ಇತಿಹಾಸದವರಿಗೆ ವಾತಾಪಿ. ಹುನಗುಂದ ಶಾಸನಗಳ ಕಾಲದಲ್ಲಿ ಪೊನುಗುಂದ. ಮನುಷ್ಯರಿಗೆ ಇದೆಲ್ಲ ಒಂದೇ. ಕಂಪ್ಯೂಟರಿಗೆ ಒಂದೊಂದೂ ಬೇರೆ ಊರು. ಒಂದು ಹೆಸರಿನ ಎಲ್ಲ ರೂಪಗಳನ್ನೂ ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ನಮ್ಮ ಶಾಸ್ತ್ರದಲ್ಲಿ ಗಂಭೀರವಾದ ಹೆಸರೊಂದಿದೆ. ನಾನು ಅದನ್ನು ಬೀಗತನ ಬೆಳೆಸುವುದು ಎಂದು ಕರೆದು, ಅದನ್ನೇ ನನ್ನ ಪ್ರಾಜೆಕ್ಟ್ ಮಾಡಿಕೊಂಡೆ.

ಅತ್ತೆಗೆ ವಿವರಿಸುವುದು ಈಗ ಸುಲಭವಾಯಿತು. ರೇಷನ್ ಕಾರ್ಡಿನಲ್ಲಿ ಅವರು ಬಸವ್ವ, ಬ್ಯಾಂಕಿನಲ್ಲಿ ಬಸಮ್ಮ, ತವರಿನಲ್ಲಿ ಬಸಣ್ಣೆವ್ವ. "ಮೂರೂ ಮಂದಿ ನಾನ ಅಂತ ಆ ಮಶೀನಿಗೆ ತಿಳಿಸಿ ಹೇಳೂದು ನಿನ್ನ ಕಲಿಕಿ, ಹೌದಿಲ್ಲೊ?" ಎಂದರು. "ಭಾಳ ಚೊಲೊ ಆತು. ಹಂಗ ಬ್ಯಾಂಕಿನವರಿಗೂ ಕಲಿಸಿ ಬಾ."

ಬೇಸಿಗೆಯಿಡೀ ಆ ಕೋಣೆಯಲ್ಲಿ ಕೂತು, ಒಂದೊಂದೇ ಪುಸ್ತಕ ತೆರೆದು, ಊರಿಗೆ ಊರು ಬೆಸೆದೆ. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ರಜೆ ಮುಗಿಯುತ್ತ ಬಂದಾಗ ಪರೀಕ್ಷಕಿಯೊಬ್ಬರು ಕೆಲಸವನ್ನು ಕಣ್ಣಾರೆ ನೋಡಬೇಕೆಂದು ನಮ್ಮ ಗ್ರಂಥಾಲಯಕ್ಕೇ ಬಂದರು. ನಗುವಿಗೂ ಅವರಿಗೂ ದೂರ. ಪ್ರಾಚಾರ್ಯರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು.

ನಾನು ತಯಾರು ಮಾಡಿಟ್ಟಿದ್ದ ಉದಾಹರಣೆಗಳನ್ನು ಅವರು ನೋಡಲೇ ಇಲ್ಲ. ಕುರ್ಚಿ ಎಳೆದುಕೊಂಡು ತಾವೇ 'ಕೆರೂರು' ಎಂದು ಬರೆದರು. ಪುಸ್ತಕದ ಹೊದಿಕೆಯ ಮೇಲೆ ಇದ್ದದ್ದು 'ಕೆರೂರ'. ಪರದೆಯ ಮೇಲೆ ಅದು ತಟ್ಟನೆ ಬಂತು, ಕೆರೂರಿನ ಹೆಣ್ಣುಮಕ್ಕಳ ಹಾಡಿನ ಪುಸ್ತಕ. ತಂದು ಕೈಗಿಟ್ಟೆ. ಹಾಳೆ ತಿರುವುತ್ತಿದ್ದವರು ಒಂದು ಪುಟಕ್ಕೆ ಬಂದು ಕೈ ತಡೆದರು. ತುಟಿ ಮೆಲ್ಲಗೆ ಅಲ್ಲಾಡತೊಡಗಿತು. ಆಮೇಲೆ ಸಣ್ಣ ದನಿ ಹೊರಬಂತು, ಪರೀಕ್ಷಕಿ ಹಾಡುತ್ತಿದ್ದರು!

"ನಮ್ಮವ್ವ ಹಾಡತಿದ್ಲು ಇದನ್ನ," ಎಂದರು, ಕನ್ನಡಕ ತೆಗೆಯುತ್ತ. "ಆಕಿ ಹೋದಮ್ಯಾಲೆ ಒಂದು ನುಡಿ ಮರತ ಹೋಗಿತ್ತು. ಎಲ್ಲಾರನ್ನೂ ಕೇಳಿದ್ದೆ. ಇಲ್ಲೈತಿ ನೋಡ್ರಿ."

ನನಗೆ ಪ್ರಶ್ನೆ ಕೇಳುವುದನ್ನೇ ಅವರು ಮರೆತರು. ಪ್ರಾಚಾರ್ಯರು ಕಟ್ಟಿದ್ದ ಕೈ ಬಿಚ್ಚಿ ಕಂಪ್ಯೂಟರಿನ ಹತ್ತಿರ ಬಂದು, "ಬನಶಂಕರಿ ಅಂತ ಹಾಕ್ರಿ ನೋಡೂಣು. ನಮ್ಮವ್ವನ ತವರಮನಿ ಅಲ್ಲೇ," ಎಂದರು. ಆ ಸಂಜೆ ಪುಸ್ತಕಗಳನ್ನು ಬಗಲಲ್ಲಿಟ್ಟುಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ, "ಲ್ಯಾಬ್ ಮ್ಯಾಲಿನ ಖೋಲ್ಯಾಗ ಮಾಡೂಣ್ರಿ. ಗಾಳಿನೂ ಚೊಲೊ ಬರತೈತಿ," ಎಂದರು.

ಡಿಪ್ಲೊಮಾ ಪ್ರಥಮ ದರ್ಜೆಯಲ್ಲಿ ಬಂತು. ಕಾಲೇಜು ತೆರೆದ ಮೇಲೆ ಹುಡುಗರು ತಂತಮ್ಮ ಊರು ಹುಡುಕಿಕೊಂಡು ಬಂದರು. ನಮ್ಮೂರು ದೊಡ್ಡದು, ನಿಮ್ಮೂರು ಹಳೆಯದು ಎಂದು ಆ ಕೋಣೆಯಲ್ಲಿ ವಾದ ಎದ್ದಿತು. ಇಷ್ಟು ವರ್ಷದ ನೌಕರಿಯಲ್ಲಿ ನಮ್ಮ ಗ್ರಂಥಾಲಯಕ್ಕೆ 'ಶಾಂತತೆ ಕಾಪಾಡಿರಿ' ಎಂಬ ಬೋರ್ಡು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಮೊನ್ನೆ ನಾನೇ ಕುರ್ಚಿ ಹತ್ತಿ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದೆ. ಕೆಳಗಿಳಿದು ದೂರ ನಿಂತು ನೋಡಿದೆ. ಅದರ ಕೆಳಗೇ ನಿಂತು ಇಬ್ಬರು ಜಗಳಾಡುತ್ತಿದ್ದರು. ಸುಮ್ಮನಿರಿ ಎನ್ನಲು ಬಾಯಿ ತೆರೆದವಳು, ಇನ್ನೂ ಸ್ವಲ್ಪ ಹೊತ್ತು ಆಡಲಿ ಎಂದು ಬಿಟ್ಟೆ.