ಟೈಲರ್ ಮನೆಯ ಪ್ಲಾಸ್ಮಾ ಟೀವಿ

ಬೀದಿಯವರಿಗೆಲ್ಲ ಅವಳು ಟೀವಿ ಅಕ್ಕ. ಆದರೆ ಈಗ ಟೀವಿ ರಿಪೇರಿಗೆ ತರುವವರು ಬೆರಳೆಣಿಕೆಯಷ್ಟು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೊಬೈಲ್ ಚಾರ್ಜರುಗಳಲ್ಲೇ ದಿನ ಸವೆಯುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ಟೈಲರ್ ಅವಳ ಅಂಗಡಿಗೆ ಬಂದು, ಪ್ಲಾಸ್ಮಾ ಟೀವಿಯಲ್ಲಿ ಸದ್ದಿದೆ, ಚಿತ್ರವಿಲ್ಲ ಎಂದಾಗ ಅವಳ ಕೈ ತಾನಾಗಿಯೇ ಹಳೆಯ ಚೀಲದತ್ತ ಹೋಯಿತು.

ಆ ಟೀವಿಯನ್ನು ಅವಳು ಮರೆಯುವ ಹಾಗೇ ಇರಲಿಲ್ಲ. ಹದಿನಾರು ವರ್ಷದ ಹಿಂದೆ ಅದನ್ನು ಟೈಲರ್ ಮನೆಯ ಮಹಡಿಗೆ ಹತ್ತಿಸಿದ್ದು ಅವಳೂ ಅವಳಿಗೆ ಕೆಲಸ ಕಲಿಸಿದ ದೊಡ್ಡಪ್ಪನೂ. ಅರ್ಧ ಮೆಟ್ಟಿಲಲ್ಲಿ ನಿಂತ ದೊಡ್ಡಪ್ಪ ಏದುಸಿರು ಬಿಡುತ್ತಾ, "ಇದೇನು ಟೀವಿನೋ, ಅಂಗಡಿ ಗೋಡೆನೇ ಕಿತ್ತು ಕೊಟ್ರೋ" ಎಂದಿದ್ದರು.

ಟೈಲರ್ ಹೆಂಡತಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ವರ್ಷ ಅದು. ಮಂಚದ ಎದುರಿಗೆ ಟೀವಿ, ಪಕ್ಕದಲ್ಲಿ ಹೊಲಿಗೆ ಮಷೀನು. ಆಕೆ ಮಲಗಿದಲ್ಲೇ ಧಾರಾವಾಹಿ ನೋಡುತ್ತಾ, ಇವಳ ರವಿಕೆ ತೋಳಿಗೆ ಸಣ್ಣ ನೆರಿಗೆ ಇಟ್ಟಿದ್ದಾರೆ, ಅವಳ ರವಿಕೆಯ ಕತ್ತು ಹೀಗೆ ತಿರುಗಿದೆ ಎಂದು ಹೇಳುತ್ತಿದ್ದರು. ಟೈಲರ್ ಪೆಡಲ್ ಬಿಟ್ಟು ಬಂದು ನೋಡುತ್ತಿದ್ದರು. ವಾರ ಕಳೆಯುವುದರೊಳಗೆ ಅದೇ ತೋಳು ಬೀದಿಯ ಅರ್ಧ ಹೆಂಗಸರ ಮೈಮೇಲಿರುತ್ತಿತ್ತು. ಟೀವಿ ಅಕ್ಕನೂ ಅಂಥದೊಂದನ್ನು ಹಾಕಿಕೊಂಡು ಮೆರೆದವಳೇ.

ಟೈಲರ್ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸೊಸೆ ಕೆಳಗಿನ ಹಾಲಿಗೆ ತೆಳ್ಳನೆಯ ಹೊಸ ಟೀವಿ ತಂದಿದ್ದರೂ ಅದನ್ನು ನೋಡಲು ಟೈಲರ್ ಮಹಡಿ ಬಿಟ್ಟು ಇಳಿಯುತ್ತಿರಲಿಲ್ಲ.

"ಆರು ತಿಂಗಳಿಂದ ಬರೀ ಕೇಳ್ಕೊಂಡೇ ಹೊಲೀತಿದೀನಮ್ಮ," ಎಂದರು. "ಕತೆ ಗೊತ್ತಾಗುತ್ತೆ. ಯಾರು ಏನು ಹಾಕ್ಕೊಂಡಿದಾರೆ ಅಂತ ಗೊತ್ತಾಗಲ್ಲ."

ಅವರ ಹಿಂದೆಯೇ ಮಹಡಿ ಹತ್ತಿದ ಅವಳು ಟೀವಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಟೈಲರ್ ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಹಾಕಿದಳು. ಕರೆಂಟಿರುವಾಗ ಒಂದೇ ಕೈಯಲ್ಲಿ ಮುಟ್ಟಬೇಕೆಂದು ದೊಡ್ಡಪ್ಪ ಕಲಿಸಿದ್ದರು. ಎಡಗೈ ಬೆನ್ನ ಹಿಂದೆ ಹೋಯಿತು. ಪರದೆಗೆ ನೂರ ತೊಂಬತ್ತು ವೋಲ್ಟ್ ಬೇಕೆಂದು ಒಳಗಿನ ಚೀಟಿ ಹೇಳುತ್ತಿತ್ತು. ಮೀಟರ್ ಮೂವತ್ತೂ ದಾಟಲಿಲ್ಲ. ಸ್ವಿಚ್ ಆರಿಸಿ, ಒಳಗೆ ಉಳಿದ ಕರೆಂಟು ಇಳಿಯುವವರೆಗೆ ಕಾದು, ಪರದೆ ನಡೆಸುವ ಬೋರ್ಡಿನ ವೈರು ಕಳಚಿಟ್ಟು, ಮತ್ತೆ ಸ್ವಿಚ್ ಹಾಕಿ ನೋಡಿದಳು. ವೋಲ್ಟೇಜ್ ಪೂರ್ತಿ ಬಂತು. ಅಂದರೆ ತೊಂದರೆ ಆ ಬೋರ್ಡಿನಲ್ಲೇ.

ಬೋರ್ಡಿನಲ್ಲಿ ಒಂದು ಟ್ರಾನ್ಸಿಸ್ಟರ್ ಸುಟ್ಟಿತ್ತು. ಅದರ ಪಕ್ಕದಲ್ಲೇ ಎರಡು ದಪ್ಪ, ಗುಂಡಗಿನ ಬೆಸುಗೆಗಳು. ಇಷ್ಟೊಂದು ಸೀಸ ಸುರಿಯಬೇಡಿ ಎಂದು ಅವಳು ಎಷ್ಟು ಸಲ ಜಗಳವಾಡಿದ್ದಳೋ! ದೊಡ್ಡಪ್ಪನ ಕೈ ಅದು.

ಕೇಳಿದ್ದಕ್ಕೆ ಟೈಲರ್ ಮೆಲ್ಲಗೆ ಬಾಯಿಬಿಟ್ಟರು. ಹೆಂಡತಿ ಇದ್ದಾಗಲೂ ಒಮ್ಮೆ ಹೀಗೇ ಕತ್ತಲಾಗಿತ್ತಂತೆ. ದೊಡ್ಡಪ್ಪ ಒಬ್ಬರೇ ಬಂದು ಇಡೀ ಮಧ್ಯಾಹ್ನ ಕೂತು ಸರಿಮಾಡಿದ್ದರಂತೆ.

"'ನಮ್ಮ ಹುಡುಗಿಗೆ ಹೇಳ್ಬೇಡಿ, ಕೈ ನಡುಗುತ್ತೆ ಅಂತ ಕೆಲಸ ಬಿಡಿಸ್ಬಿಡ್ತಾಳೆ' ಅಂದಿದ್ರು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಅಂಗಡಿಗೆ ಹೋಗಿ, ಕೆಟ್ಟುಹೋದ ಬೇರೊಂದು ಬೋರ್ಡಿನಿಂದ ಅಂಥದೇ ಟ್ರಾನ್ಸಿಸ್ಟರ್ ಬಿಡಿಸಿ ತಂದು ಕೂರಿಸಿದಳು. ಆ ಎರಡು ಬೆಸುಗೆಗಳನ್ನು ಮಾತ್ರ ಮುಟ್ಟಲಿಲ್ಲ.

ಟೀವಿ ಹಾಕಿದಾಗ ಪರದೆ ಒಮ್ಮೆ ಮಿನುಗಿ ಬೆಳಗಿತು. ಬಣ್ಣಗಳು ಕೊಂಚ ಮಾಸಿದ್ದವು, ಅಷ್ಟೇ. ಆದರೆ ಬಲಗಡೆಯ ಮೇಲ್ಮೂಲೆಯಲ್ಲಿ ಹೂವಿನಾಕಾರದ ಮಸುಕು ಗುರುತೊಂದಿತ್ತು. ಚಾನೆಲ್ ಬದಲಿಸಿದರೂ ಅದು ಹೋಗಲಿಲ್ಲ. ವರ್ಷಗಟ್ಟಲೆ ಒಂದೇ ಚಾನೆಲ್ ಹಾಕಿದರೆ ಅದರ ಗುರುತು ಪರದೆಯಲ್ಲಿ ಅಚ್ಚೊತ್ತಿಬಿಡುತ್ತದೆ, ಒಂದಿಡೀ ದಿನ ಬಿಳಿ ಪರದೆ ಓಡಿಸಿದರೆ ತಿಳಿಯಾಗಬಹುದು ಎಂದು ಅವಳು ವಿವರಿಸಿದಳು.

ಟೈಲರ್ ಹತ್ತಿರ ಹೋಗಿ ನೋಡಿದರು. "ಅವಳ ಚಾನೆಲ್ ಇದು," ಎಂದರು. ಮತ್ತೆ ಮಷೀನಿನ ಮುಂದೆ ಕೂರುತ್ತಾ, "ಇರ್ಲಿ ಬಿಡಮ್ಮ."

ಅವಳು ಸ್ಕ್ರೂಗಳನ್ನೆಲ್ಲ ಬಿಗಿದು ಮೆಟ್ಟಿಲಿಳಿದಳು. ಇನ್ನೆಷ್ಟು ದಿನ ಬರುತ್ತೆ ಎಂದು ಸೊಸೆ ಕೇಳಿದಳು. ಹೇಳೋಕಾಗಲ್ಲ, ಕೆಟ್ಟರೆ ಕರೀರಿ, ಅಂಗಡಿಯಲ್ಲಿ ಇನ್ನೊಂದು ಹಳೇ ಬೋರ್ಡ್ ಎತ್ತಿಟ್ಟಿರ್ತೀನಿ ಎಂದು ಹೇಳಿ ಹೊರಟಳು.