ಕುಂಕುಮ ಹಚ್ಚಿದ ಪಾಸ್‌ಪೋರ್ಟ್

ನನ್ನ ಸೋದರಮಾವನ ಹೋಟೆಲಿನಲ್ಲಿ ಆಯುಧಪೂಜೆಯ ದಿನ ದೋಸೆಕಲ್ಲು, ರುಬ್ಬುವ ಯಂತ್ರ, ಕಾಯಿ ತುರಿಯುವ ಮಣೆ ಮತ್ತು ಸ್ಕೂಟರಿನ ಜೊತೆಗೆ ಅವಧಿ ಮುಗಿದ ಪಾಸ್‌ಪೋರ್ಟೊಂದಕ್ಕೂ ಪೂಜೆ ಸಲ್ಲುತ್ತದೆ. ಅದು ಮಾವನದು. ಕೊಲ್ಲಿ ದೇಶವೊಂದರಲ್ಲಿ ಅವರು ಅಡುಗೆಯವರಾಗಿ ದುಡಿದ ವರ್ಷಗಳಲ್ಲಿ ಆ ಪಾಸ್‌ಪೋರ್ಟ್ ಅವರ ಕೈಗೆ ಬರುತ್ತಿದ್ದದ್ದು ವಿಮಾನ ನಿಲ್ದಾಣದಲ್ಲಿ ಮಾತ್ರ. ಉಳಿದ ಕಾಲವೆಲ್ಲ ಅದು ಅವರ ಧಣಿಯ, ಅಲ್ಲಿಯ ಮಾತಿನಲ್ಲಿ ಕಫೀಲನ, ಕಪಾಟಿನಲ್ಲಿ ಭದ್ರವಾಗಿತ್ತು. ನನ್ನ ಅಜ್ಜಿ ಕಾಪುವಿನ ಮನೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಕಫೀಲ ಎಲ್ಲೋ ವಿಹಾರಕ್ಕೆ ಹೋಗಿದ್ದ, ಬೀಗದ ಕೈ ಅವನ ಜೊತೆ ಹೋಗಿತ್ತು. ಮಾವ ಊರಿಗೆ ಬಂದಾಗ ಉತ್ತರಕ್ರಿಯೆಯೂ ಮುಗಿದಿತ್ತು.

ಪ್ರತಿವರ್ಷ ಪೂಜೆಯ ಹೊತ್ತಿಗೆ ಮಾವ ಆ ಪಾಸ್‌ಪೋರ್ಟಿಗೆ ಅರಸಿನ ಕುಂಕುಮ ಹಚ್ಚಿ, ಶಂಕರಪುರದ ಮಲ್ಲಿಗೆಯ ತುಂಡೊಂದನ್ನು ಮೇಲಿಟ್ಟು, ನೆರೆದವರಿಗೆ ಈ ಕಥೆಯನ್ನು ಹೇಳುತ್ತಾರೆ. "ಮನುಷ್ಯನ ಪಾಸ್‌ಪೋರ್ಟ್ ಹಿಡಿದಿಡುವವ ಮನುಷ್ಯನೇ ಅಲ್ಲ ಮಾರಾಯ್ರೆ," ಎಂಬಲ್ಲಿಗೆ ಕಥೆ ಮುಗಿಯುತ್ತದೆ. ನಾವೆಲ್ಲ ತಲೆದೂಗುತ್ತೇವೆ. ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳಾದ್ದರಿಂದ ನಾನು ಉಳಿದವರಿಗಿಂತ ಹೆಚ್ಚು ತಲೆದೂಗುತ್ತಿದ್ದೆ. ಮಣಿಪಾಲದಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು ಮಾತನಾಡುವಾಗಲೆಲ್ಲ ಮಾವನ ಕಥೆಯನ್ನು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ಹೊರಗಿನಿಂದ ದುಡಿಯಲು ಬಂದವರ ವಿಷಯದಲ್ಲಿ ನಮ್ಮ ಜಿಲ್ಲೆ ಬಹಳ ಉದಾರವಾದದ್ದು. ಅವರು ನಮ್ಮ ಗೇಟು ಕಾಯಬಹುದು, ನಮ್ಮ ಮಕ್ಕಳ ಹಾಸ್ಟೆಲಿನಲ್ಲಿ ಅನ್ನ ಬೇಯಿಸಬಹುದು, ನಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಬಹುದು. ಕಟ್ಟಿದ ಮೇಲೆ ಅದರಲ್ಲಿ ಬಾಡಿಗೆಗೆ ಇರಬಾರದು, ಅಷ್ಟೆ. ನಾನು ವಾಸಿಸುವ ವಸತಿ ಸಮುಚ್ಚಯದಲ್ಲಿ ನೇಪಾಳಿ ಕಾವಲುಗಾರನು ಹುಲ್ಲುಹಾಸಿನ ಬೆಂಚಿನ ಮೇಲೆ ಕೂರುವುದು ಸರಿಯೇ ಎಂಬುದನ್ನು ಚರ್ಚಿಸಲು ಒಂದು ಸಭೆಯೇ ನಡೆಯಿತು. ಆ ಸಭೆಗೆ ಕುರ್ಚಿಗಳನ್ನು ಜೋಡಿಸಿದವನೂ ಅವನೇ.

ಕಡಿಯಾಳಿಯಲ್ಲಿ, ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿರುವ ಮಾವನ ಹೋಟೆಲಿನಲ್ಲಿ ಮೂವರು ಅಡುಗೆಯವರಿದ್ದಾರೆ, ಮೂವರೂ ನೇಪಾಳದವರು. ಮಸಾಲೆ ದೋಸೆ ಹೊಯ್ಯುವ ಹಿರಿಯವನಿಗೆ ನನ್ನಷ್ಟೇ ವಯಸ್ಸು. ಕಳೆದ ನವರಾತ್ರಿಗೆ ಕೆಲವು ದಿನ ಮೊದಲು ನಾನು ತಿಂಡಿಗೆ ಹೋಗಿದ್ದಾಗ ಅವನು ತಟ್ಟೆಯನ್ನು ತಾನೇ ತಂದಿಟ್ಟು ಅಲ್ಲಿಯೇ ನಿಂತ.

"ಅಕ್ಕಾ, ಸಾಹುಜಿಗೆ ಒಂದು ಮಾತು ಹೇಳ್ತೀರಾ? ನನ್ನ ಕಾರ್ಡು ಬೇಕಿತ್ತು."

ಸಾಹುಜಿಯೆಂದರೆ ಅವರ ಮಾತಿನಲ್ಲಿ ಧಣಿ, ಇಲ್ಲಿ ನನ್ನ ಮಾವ. ಕಾರ್ಡೆಂದರೆ ಅವನ ದೇಶದ ಪೌರತ್ವದ ಕಾರ್ಡು. ರೈಲಿನಲ್ಲಿಯೂ ಗಡಿಯಲ್ಲಿಯೂ ಅವನು ಯಾರೆಂದು ಹೇಳುವ ವಸ್ತು ಅದೊಂದೇ. ಕೆಲಸಕ್ಕೆ ಸೇರಿದ ದಿನವೇ ಮಾವ ಅದನ್ನು ತೆಗೆದುಕೊಂಡು ಲಾಕರಿನಲ್ಲಿ ಇಟ್ಟಿದ್ದರು. ಮೂವರದನ್ನೂ. ಯಾವ ಲಾಕರು ಎಂದು ನಾನು ಕೇಳಿದೆ. ಗಲ್ಲಾಪೆಟ್ಟಿಗೆಯ ಹಿಂದಿನ ಕಬ್ಬಿಣದ ಪೆಟ್ಟಿಗೆಯನ್ನು ಅವನು ಗಲ್ಲದಿಂದಲೇ ತೋರಿಸಿದ. ಮಾವನ ಪಾಸ್‌ಪೋರ್ಟೂ ಅದರಲ್ಲಿಯೇ ಇರುತ್ತದೆ.

ನಮ್ಮ ನವರಾತ್ರಿಯೇ ಅವರ ದಶೈಂ. ದಶಮಿಯಂದು ಮನೆಯ ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಹಚ್ಚುತ್ತಾರೆ. ಕಡಿಯಾಳಿಗೆ ಬಂದಂದಿನಿಂದ ಅವನ ತಾಯಿ ಅದನ್ನು ವಿಡಿಯೋ ಕರೆಯಲ್ಲಿ ಫೋನಿನ ಗಾಜಿಗೆ ಹಚ್ಚುತ್ತಿದ್ದಳು.

"ಈಗ ಅವಳಿಗೆ ಕಣ್ಣು ಪೂರಾ ಮಂಜು. ಫೋನಿನಲ್ಲಿ ನಾನೆಲ್ಲಿ ಇದ್ದೇನೆ ಅಂತ ಗೊತ್ತಾಗುದಿಲ್ಲ. ಎದುರಿಗೆ ಕೂತರೆ ಕಾಣದಿದ್ದರೂ ಹಣೆ ಸಿಗ್ತದೆ ಅಲ್ವಾ."

ಅವನಿಗೆ ಕಾರ್ಡನ್ನೂ ಊರಿಗೆ ಹೋಗಲು ರಜೆಯನ್ನೂ ಕೊಡಿರೆಂದು ಅಂದೇ ಮಾವನೊಡನೆ ಮಾತನಾಡಿದೆ. ಅವರು ಗಲ್ಲಾದ ಹಿಂದೆ ಕುಳಿತು ಸಮಾಧಾನದಿಂದ ಕೇಳಿಸಿಕೊಂಡರು.

"ನಾನು ಹಿಡಿದಿಟ್ಟದ್ದಲ್ಲ ಮಾರಾಯ್ತಿ. ಜೋಪಾನ ಮಾಡಿದ್ದು. ಇವರು ಕಳೆದುಕೊಂಡರೆ?"

"ನಿಮ್ಮ ಕಫೀಲನೂ ಹೀಗೆಯೇ ಹೇಳುತ್ತಿದ್ದನಲ್ಲ?"

"ಅವ ಅರಬಿಯಲ್ಲಿ ಹೇಳಿದ್ದು. ನಾನು ಮನೆಯವರ ಹಾಗೆ ಹೇಳುದು."

ಭಾಷಾಂತರದಿಂದ ಅನ್ಯಾಯವು ವಾತ್ಸಲ್ಯವಾಗುವ ಈ ಸಿದ್ಧಾಂತ ನನಗೆ ಹೊಸದಾಗಿತ್ತು. ಇನ್ನೊಬ್ಬರ ಗುರುತಿನ ಚೀಟಿಯನ್ನು ಹಿಡಿದಿಡುವುದು ಬಲವಂತದ ದುಡಿಮೆಯ ಲಕ್ಷಣವೆಂದು ನಾನು ವಿವರಿಸಿದೆ. ರಜೆಯನ್ನು ನಿರಾಕರಿಸುವುದು ಎರಡನೆಯ ತಪ್ಪೆಂದೂ, ಮೂವರನ್ನು ಒಂದೇ ಕೋಣೆಯಲ್ಲಿ ಮಲಗಿಸುವುದು ಮೂರನೆಯದೆಂದೂ ಸೇರಿಸಿದೆ. ಮಾವ ಎದುರಿನ ದಾರಿಯತ್ತ ಕೈ ತೋರಿಸಿದರು. "ದೇವಿಯನ್ನು ನೋಡಲಿಕ್ಕೆ ನೇಪಾಳಕ್ಕೆ ಯಾಕೆ ಹೋಗಬೇಕು? ಇಲ್ಲಿಯೇ ಮಹಿಷಮರ್ದಿನಿ ಇದ್ದಾಳೆ. ನವರಾತ್ರಿಯ ರಶ್ಶು ಮುಗಿಯಲಿ, ನೋಡುವ."

ದೂರು ಕೊಡೋಣವೆಂದು ನಾನು ಅಡುಗೆಯವನಿಗೆ ಹೇಳಿದೆ. ಅವನು ಗಾಬರಿಯಾದ. "ಬೇಡ ಅಕ್ಕಾ. ಕಾರ್ಡು ಸ್ಟೇಷನ್ನಿಗೆ ಹೋಗ್ತದೆ. ಆಮೇಲೆ ಎರಡು ಲಾಕರಿನಿಂದ ಬಿಡಿಸಬೇಕು." ಅವನ ಕಾರ್ಡು, ಅವನ ಕೆಲಸ. ಅವನು ಬೇಡವೆಂದ ಮೇಲೆ ನನ್ನ ಹೋರಾಟಕ್ಕೆ ಅಲ್ಲಿ ಜಾಗವಿರಲಿಲ್ಲ. ಹೊರಡಬೇಕಾಗಿದ್ದ ರೈಲು ಅವನಿಲ್ಲದೆ ಹೋಯಿತು. ಹುಣ್ಣಿಮೆಯವರೆಗೂ ಟೀಕಾ ಹಚ್ಚುತ್ತಾರೆಂಬ ಒಂದು ಆಸೆ ಮಾತ್ರ ಅವನಿಗೆ ಉಳಿದಿತ್ತು.

ಆಯುಧಪೂಜೆಗೆ ಕಾರ್ಕಳದಿಂದ ಅತ್ತೆಯ, ಎಂದರೆ ಮಾವನ ಹೆಂಡತಿಯ, ಅಣ್ಣ ಬಂದಿದ್ದರು. ಅವರ ಇಬ್ಬರು ಮಕ್ಕಳು ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿ ಈಗ ಕೊಲ್ಲಿಯಲ್ಲಿದ್ದಾರೆ.

"ಅಲ್ಲಿ ಈಗ ಅವರ ಊರಿನವರಿಗೇ ಮೊದಲು ಕೆಲಸವಂತೆ," ಎಂದು ಅವರು ಕಾಫಿ ಕುಡಿಯುತ್ತ ನೊಂದುಕೊಂಡರು. "ನಮ್ಮವರು ಕಟ್ಟಿದ ಊರು ಅದು. ಎಂತ ಅನ್ಯಾಯ ನೋಡಿ." ಲೋಟ ಕೆಳಗಿಡುವ ಮೊದಲೇ ಅವರ ದೃಷ್ಟಿ ಅಡುಗೆಮನೆಯತ್ತ ಹೊರಳಿತು. "ಇಲ್ಲಿ ಎಲ್ಲಿ ನೋಡಿದರೂ ಇವರೇ. ನಮ್ಮ ಹುಡುಗರಿಗೆ ಕೆಲಸ ಎಲ್ಲಿ ಉಂಟು?"

"ನಿಮ್ಮ ಮಕ್ಕಳನ್ನು ಕರೆಸಿ, ದೋಸೆ ಹೊಯ್ಯುವ ಕೆಲಸ ಉಂಟು," ಎಂದೆ.

"ನೀನು ಭಾಷಣದವಳು," ಎಂದು ಅವರು ನಕ್ಕುಬಿಟ್ಟರು.

ಪೂಜೆ ಆರಂಭವಾಯಿತು. ಪಾಸ್‌ಪೋರ್ಟ್ ಹರಿವಾಣದಲ್ಲಿ ಕುಳಿತಿತು. ಮಾವ ಕಫೀಲನ ಕಥೆಯನ್ನು ಹೇಳಿ, ಕೊನೆಯ ಮಾತನ್ನು ಎಂದಿನಂತೆ ತಗ್ಗಿದ ದನಿಯಲ್ಲಿ ಹೇಳಿದರು. ದೋಸೆಯ ಅಡುಗೆಯವನು ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮಾತನಾಡಿದರು. ಈ ಕಥೆಯ ಹೊತ್ತಿನಲ್ಲಿ ಅವರು ಮಾತನಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಜ್ಜಿಯ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕುಳಿತು, ಮಗ ವಿಮಾನ ಹತ್ತಿದ್ದಾನೆಂದು ಸುಳ್ಳು ಹೇಳುತ್ತಿದ್ದವರು ಅವರು.

"ಅವನ ಕಾರ್ಡನ್ನೂ ಇಡಿ."

"ಎಂತ?" ಎಂದರು ಮಾವ.

"ಪಾಸ್‌ಪೋರ್ಟಿಗೆ ಪೂಜೆ ಆಗ್ತದೆ. ಕಾರ್ಡಿಗೆ ಯಾಕೆ ಬೇಡ? ಅವನ ಹೊಟ್ಟೆಪಾಡಿನದ್ದೂ ಅದೇ ಅಲ್ವಾ."

ನೆಂಟರ ಎದುರು, ದೀಪದ ಎದುರು, ಪೂಜೆ ಬೇಡವೆನ್ನಲು ಯಾರಿಗಾದರೂ ಸಾಧ್ಯವೇ? ಲಾಕರು ತೆರೆಯಿತು. ಮೂರು ಕಾರ್ಡುಗಳೂ ಹೊರಬಂದು ಪಾಸ್‌ಪೋರ್ಟಿನ ಪಕ್ಕದಲ್ಲಿ ಸಾಲಾಗಿ ಕುಳಿತವು. ಮಾವ ಧಾರಾಳವಾಗಿ ಕುಂಕುಮ ಹಚ್ಚಿದರು. "ಕೆಲಸದವರ ಕಾರ್ಡಿಗೆ ಪೂಜೆ ಮಾಡುವ ಧಣಿ ಎಲ್ಲಿಯಾದರೂ ಉಂಟಾ?" ಎಂದು ಕಾರ್ಕಳದವರು ಭಾವುಕರಾದರು. ಮಾವ ಆ ಪ್ರಶಂಸೆಯನ್ನು ವಿನಯದಿಂದ ಸ್ವೀಕರಿಸಿದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದೆಂದು ಅಡುಗೆಯವನಿಗೆ ತಿಳಿಸಲೂ ಮರೆಯಲಿಲ್ಲ. ಅದೇ ಕುಂಕುಮ ಹಚ್ಚಿಸಿಕೊಂಡ ದೋಸೆಕಲ್ಲು ಆರತಿ ಆರುವ ಮೊದಲೇ ಕಾದು ಚುಂಯ್‌ಗುಟ್ಟುತ್ತಿತ್ತು. ದೇವಸ್ಥಾನದಿಂದ ಬರುವ ಭಕ್ತರ ಹಸಿವಿಗೆ ಶಾಸ್ತ್ರದಲ್ಲಿ ವಿನಾಯಿತಿ ಇದೆಯಂತೆ.

ದಶಮಿಯ ಬೆಳಿಗ್ಗೆ ಪೂಜೆಯಲ್ಲಿದ್ದ ಆಯುಧವನ್ನು ಅದರ ಒಡೆಯ ಕೈಗೆತ್ತಿಕೊಂಡು ಒಮ್ಮೆಯಾದರೂ ಬಳಸಬೇಕು. ರುಬ್ಬುವ ಯಂತ್ರ ಒಂದು ಸುತ್ತು ತಿರುಗಿತು. ಸ್ಕೂಟರು ಹಿತ್ತಲಿನವರೆಗೆ ಹೋಗಿ ಬಂತು. ಮಾವ ಪಾಸ್‌ಪೋರ್ಟಿನ ಪುಟಗಳನ್ನು ಮಗುಚಿ ಕಣ್ಣಿಗೊತ್ತಿಕೊಂಡರು. ಅತ್ತೆ ದೋಸೆಯವನ ಕಾರ್ಡನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟರು.

"ಉಪಯೋಗಿಸು."

"ಕಾರ್ಡನ್ನು ಎಂತ ಉಪಯೋಗಿಸುದು? ಅದರಲ್ಲಿ ದೋಸೆ ಮಗುಚಲಿಕ್ಕೆ ಆಗ್ತದಾ?" ಎಂದರು ಮಾವ.

"ರೈಲಿನಲ್ಲಿ ತೋರಿಸಲಿಕ್ಕೆ ಆಗ್ತದೆ."

"ಹೋದವ ವಾಪಸ್ ಬರುದಿಲ್ಲ, ನಿನಗೆ ಗೊತ್ತಿಲ್ಲ."

"ನೀವು ಊರಿಗೆ ಬಂದಾಗಲೆಲ್ಲ ವಾಪಸ್ ಹೋಗಲಿಲ್ವಾ ಅಲ್ಲಿಗೆ? ನಿಮ್ಮ ಅಮ್ಮ ತೀರಿಕೊಂಡ ಮೇಲೂ ಹೋದಿರಿ."

ಮಾವ ಪಾಸ್‌ಪೋರ್ಟನ್ನು ಲಾಕರಿಗಿಟ್ಟು, ಉಳಿದ ಎರಡು ಕಾರ್ಡುಗಳನ್ನೂ ಇಟ್ಟು, ಬೀಗ ಹಾಕಿದರು. ಆಮೇಲೆ ತಾವೇ ಅಂಗಿ ಕಳಚಿ ದೋಸೆಕಲ್ಲಿನ ಮುಂದೆ ನಿಂತರು.

ಅಡುಗೆಯವನನ್ನು ಇಂದ್ರಾಳಿಯ ರೈಲು ನಿಲ್ದಾಣಕ್ಕೆ ಬಿಟ್ಟವಳು ನಾನು. ದಾರಿಯುದ್ದಕ್ಕೂ ಅವನ ಹಕ್ಕುಗಳನ್ನು ವಿವರಿಸಿದೆ. ಅವನು ಎಲ್ಲವನ್ನೂ ಕೇಳಿ, ಇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ಕುಂಕುಮ ಒರೆಸಬಹುದಾ ಅಕ್ಕಾ? ಫೋಟೋದಲ್ಲಿ ಮುಖ ಕಾಣುದಿಲ್ಲ. ಟಿಟಿ ಒಪ್ಪಲಿಕ್ಕಿಲ್ಲ."

ಹುಣ್ಣಿಮೆಯ ದಿನ ನಾನು ಹೋಟೆಲಿನಲ್ಲಿದ್ದಾಗ ಅತ್ತೆಯ ಫೋನಿಗೆ ಅವನ ಕರೆ ಬಂತು. ಎಲ್ಲರಿಗೂ ಕೇಳಲೆಂದು ಅವರು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

"ಊರು ಮುಟ್ಟಿದೆ ಅಮ್ಮಾ. ಟೀಕಾ ಆಯ್ತು. ಹಣೆ ಹುಡುಕುವಾಗ ನನ್ನ ತಾಯಿ ಮೂಗಿಗೂ ಹಾಕಿಬಿಟ್ಟಳು."

ಅಡುಗೆಮನೆಯಲ್ಲಿ ನಗು ಹಬ್ಬಿತು. ಮಾವ ಮಾತ್ರ ದೋಸೆಯಿಂದ ತಲೆಯೆತ್ತದೆ, "ಯಾವಾಗ ಬರ್ತಾನಂತೆ ಕೇಳು," ಎಂದರು.

"ದೀಪಾವಳಿ ಕಳೆದು ಬರ್ತೇನೆ ಸಾಹುಜಿ. ಆದರೆ ಕಾರ್ಡು ನನ್ನ ಹತ್ರವೇ ಇರ್ತದೆ."

ಮಾವನ ದೋಸೆ ಸೀದುಹೋಯಿತು. ಅದನ್ನು ಗಿರಾಕಿಗೆ ಕೊಡುವಂತಿರಲಿಲ್ಲವಾದ್ದರಿಂದ ನನ್ನ ತಟ್ಟೆಗೆ ಹಾಕಿದರು.

ಉಳಿದ ಇಬ್ಬರು ಅಡುಗೆಯವರು ಕೈಕೆಲಸ ನಿಲ್ಲಿಸಿ ಆ ಮಾತನ್ನು ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಅವರಲ್ಲೊಬ್ಬ ಕೈ ಒರೆಸಿಕೊಂಡು ಗಲ್ಲಾದ ಮುಂದೆ ಬಂದು ನಿಂತನೆಂದೂ, ತನ್ನ ಕಾರ್ಡು ಬೇಕೆಂದನೆಂದೂ ಅತ್ತೆ ಹೇಳಿದರು. ನೀನೆಲ್ಲಿಗೆ ಹೋಗುತ್ತೀ ಎಂದು ಮಾವ ಕೇಳಿದರಂತೆ.

"ಎಲ್ಲಿಗೂ ಇಲ್ಲ ಸಾಹುಜಿ," ಎಂದನಂತೆ ಅವನು, ಅಲ್ಲಿಂದ ಕದಲದೆ.