ಅವಳ ಬದಲಿಗೆ ಕೈತೋಟದ ಪಾಠಕ್ಕೆ

ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೂ ಬಹಳ ದಿನ ನನಗೆ ನಸುಕಿಗೇ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿದ್ದರೂ ಬಲಗಾಲು ಬ್ರೇಕನ್ನು ಹುಡುಕುತ್ತಿತ್ತು. ಕಣ್ಣು ಮುಚ್ಚಿದರೆ ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೆ, ಅಲ್ಲಿಂದ ಹಡಗಲಿಗೆ ಒಂದೇ ಉದ್ದನೆಯ ರಸ್ತೆ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ಎರಡೂ ಬದಿಯಲ್ಲಿ ಏನಿತ್ತೋ ನನಗೆ ನೆನಪಿರಲಿಲ್ಲ. ಹಸಿರು ಇದ್ದಾಗ ಹಸಿರು, ಒಣಗಿದಾಗ ಕಂದು, ಅಷ್ಟೇ. ನಾನು ನೋಡಿದ್ದು ರಸ್ತೆಯನ್ನು.

ಆ ಅರೆನಿದ್ದೆಯಲ್ಲಿಯೇ ಮೇಲಿನಿಂದ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ಅದು ನನ್ನಾಕೆ. ನಾನು ಡ್ಯೂಟಿಯ ಮೇಲಿದ್ದ ವರ್ಷಗಳಲ್ಲಿ ಅವಳು ಕೊಟ್ಟೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಬಣ್ಣದ ಡಬ್ಬಿ, ಅಕ್ಕಿ ಚೀಲ, ಬಾಯಿ ಒಡೆದ ಕೊಡಗಳಲ್ಲಿ ಒಂದು ತೋಟ ಮಾಡಿಕೊಂಡಿದ್ದಳು. ಊಟದ ತಟ್ಟೆಗೆ ಬರುವ ಬದನೆಕಾಯಿ ಸಂತೆಯದೋ ಮಾಳಿಗೆಯದೋ ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ಅವಳೂ ಹೇಳಿದವಳಲ್ಲ.

ಅವಳಿಗೆ ಒಂದು ಗುಂಪಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹೆಂಗಸರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಹರಪನಹಳ್ಳಿಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ ಪಾಠ ಮಾಡುತ್ತಿದ್ದರು. ಎಲ್ಲರೂ ಅವರನ್ನು ಟೀಚರಕ್ಕ ಎನ್ನುತ್ತಿದ್ದರು. ಮಣ್ಣು ಹದ ಮಾಡುವುದು, ಬೀಜ ಉಳಿಸುವುದು, ಹುಳ ಹಿಡಿಯುವುದು ಇತ್ಯಾದಿ. ಪಾಠ ಮುಗಿದ ಮೇಲೆ ತಿಂಡಿ, ಸಸಿಗಳ ಕೊಡುಕೊಳ್ಳುವಿಕೆ. ಸಂಜೆ ಬಸ್ಸಿಗೆ ಅವಳು ಮಡಿಲಲ್ಲಿ ಏನಾದರೂ ಹಸಿರು ಕಟ್ಟಿಕೊಂಡು ಬರುತ್ತಿದ್ದಳು. ಮುಖದಲ್ಲಿ ತವರಿಗೆ ಹೋಗಿ ಬಂದ ಕಳೆ ಇರುತ್ತಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ನೀರಿನ ಸದ್ದು ನಡುವೆಯೇ ನಿಂತಿತು. ಆಮೇಲೆ ಕೊಡ ಉರುಳುವ ಸದ್ದು. ನಾನು ಓಡಿ ಹೋಗಿ ನೋಡಿದರೆ ಅವಳು ಮೆಟ್ಟಿಲ ಬುಡದಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಒಂದು ಕಾಲು ತನ್ನದಲ್ಲ ಎನ್ನುವ ಹಾಗೆ ಅತ್ತ ಬಿದ್ದಿತ್ತು. ಅಳಲಿಲ್ಲ. ಮೇಲೆ ಇನ್ನೊಂದು ಸಾಲಿಗೆ ನೀರು ಹಾಕುವುದು ಉಳಿದಿದೆ ಎಂದಷ್ಟೇ ಹೇಳಿದಳು. ದಾವಣಗೆರೆಯಲ್ಲಿ ಮೂಳೆಗೆ ರಾಡ್ ಹಾಕಿ ಕಳಿಸಿದರು. ನೆಲದ ಮೇಲೆ ನಡೆಯುವುದಕ್ಕೇ ತಿಂಗಳುಗಳು ಬೇಕು, ಮೆಟ್ಟಿಲ ಮಾತು ಆಮೇಲೆ ಎಂದರು ಡಾಕ್ಟರು.

ಪಡಸಾಲೆಯ ಕಿಟಕಿಯ ಬಳಿ ಅವಳಿಗೆ ಮಂಚ ಹಾಕಿದೆ. ಮುಂದಿನ ಭಾನುವಾರದ ಪಾಠ ಕೂಡ್ಲಿಗಿಯಲ್ಲಿತ್ತು. ಅದರ ಹಿಂದಿನ ದಿನ ಅವಳು ಚಾವಣಿ ನೋಡುತ್ತಾ ಹೇಳಿದಳು.

"ನೀವು ಹೋಗಿ ಬರ್ರಿ."

"ಅಷ್ಟು ಹೆಣ್ಮಕ್ಕಳ ನಡುವ ನಾ ಏನ್ ಮಾಡ್ಲಿ?"

"ಕೇಳಿಸ್ಕೊಂಡು ಬಂದು ನನಗ ಹೇಳ್ರಿ. ನಾ ಇಲ್ಲಿ ಬರೇ ಫ್ಯಾನ್ ನೋಡ್ಕೋತ ಮಲಗಿದ್ರ ಹುಚ್ಚು ಹಿಡಿತೈತಿ."

ಹೋದೆ. ಕೂಡ್ಲಿಗಿಯಲ್ಲಿ ಒಬ್ಬ ನರ್ಸಿನ ಮನೆ. ಮಾಳಿಗೆಯ ಮೇಲೆ ಜಮಖಾನ ಹಾಸಿದ್ದರು. ನಾನು ನೀರಿನ ಟ್ಯಾಂಕಿನ ಪಕ್ಕ ಒಬ್ಬನೇ ಕುರ್ಚಿಯ ಮೇಲೆ ಕುಳಿತೆ. ಚಳಿಗಾಲದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಟೀಚರಕ್ಕನ ದನಿ ತೂಗುಮಂಚದಂತೆ ಹೋಗಿ ಹೋಗಿ ಬರುತ್ತಿತ್ತು. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಎಂಬ ಮಾತುಗಳು ಕಿವಿಯ ಪಕ್ಕದಿಂದ ಹಾದುಹೋದವು. ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ. ಎದ್ದಾಗ ಕೈಗೆ ಮಿರ್ಚಿ ಮಂಡಕ್ಕಿಯ ತಟ್ಟೆ ಬಂದಿತ್ತು.

ಮನೆಗೆ ಬಂದಾಗ ಅವಳು ದಿಂಬಿಗೆ ಒರಗಿ ಎದ್ದು ಕುಳಿತು ಕಾಯುತ್ತಿದ್ದಳು. ತಲೆ ಬಾಚಿಕೊಂಡಿದ್ದಳು. ಏನು ಕಲಿಸಿದರು ಎಂದು ಕೇಳಿದಳು. ಮಿರ್ಚಿ ಚೆನ್ನಾಗಿತ್ತು ಎಂದೆ. ಅವಳು ಕಾಲು ನೋಯುವಷ್ಟು ನಕ್ಕಳು. ಆ ನಗು ಮುಗಿದ ಮೇಲೆ ಅವಳ ಮುಖದಲ್ಲಿ ಉಳಿದದ್ದನ್ನು ನೋಡಿ ನನಗೆ ಸಂಕಟವಾಯಿತು. ಇಡೀ ದಿನ ಅವಳು ಕಾದದ್ದು ನನ್ನ ಬಾಯಿಂದ ಬರುವ ನಾಲ್ಕು ಮಾತಿಗೆ.

ಮುಂದಿನ ತಿಂಗಳು ಹರಪನಹಳ್ಳಿಗೆ ಹೋದಾಗ ನಾನು ಜಮಖಾನದ ಮೇಲೆ, ಮುಂದಿನ ಸಾಲಿನಲ್ಲಿ ಕುಳಿತೆ. ಬರೆದುಕೊಳ್ಳುವ ರೂಢಿ ನನಗಿಲ್ಲ. ಬಸ್ಸಿನ ನಿಲ್ದಾಣಗಳ ಹಾಗೆ ನೆನಪಿಟ್ಟುಕೊಂಡೆ. ಮೊದಲು ಬೀಜ ಒಣಗಿಸುವುದು, ಅಲ್ಲಿಂದ ಬೂದಿಯಲ್ಲಿ ಹೊರಳಿಸುವುದು, ಅದರ ಮುಂದೆ ಬಟ್ಟೆಯಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕುವುದು. ಸಂಜೆ ಮಂಚದ ಪಕ್ಕ ಕುಳಿತು ಒಂದೊಂದೇ ನಿಲ್ದಾಣದಲ್ಲಿ ಅವಳನ್ನು ಇಳಿಸಿದೆ. ನಡುವೆ ಒಂದನ್ನು ಬಿಟ್ಟಿದ್ದೆ. ಅವಳೇ ಕಂಡುಹಿಡಿದು, ನುಸಿಯ ಮಾತು ಹೇಳಲಿಲ್ಲವೇ ಎಂದು ಕೇಳಿದಳು. ಹೇಳಿದ್ದರು.

ಹೀಗೆ ಶುರುವಾಯಿತು. ಬೆಳಿಗ್ಗೆ ನಾನು ಮಾಳಿಗೆ ಹತ್ತಿ ನೀರು ಹಾಕುವುದು, ಅವಳು ಕೆಳಗಿನ ಕಿಟಕಿಯಿಂದ ಕೂಗಿ ಕೇಳುವುದು. ಅವರೆ ಬಳ್ಳಿ ಎಲ್ಲಿಯವರೆಗೆ ಬಂತು, ಟೊಮೆಟೊ ಬಣ್ಣ ತಿರುಗಿತೇ, ಮೆಣಸಿನ ಎಲೆ ಮುದುಡಿದೆಯೇ? ನಾನು ಮೇಲಿನಿಂದ ಉತ್ತರ ಕೊಡಬೇಕು. ಉತ್ತರ ಕೊಡಬೇಕಾದರೆ ಬಾಗಿ ನೋಡಬೇಕು. ಬದನೆ ಗಿಡದ ಒಂದು ಕುಡಿ ಬಾಡಿ ಜೋತುಬಿದ್ದಿದೆ ಎಂದು ಒಂದು ದಿನ ಹೇಳಿದೆ. ಅದನ್ನು ಚಿವುಟಿ ಸೀಳಿ ನೋಡಲು ಹೇಳಿದಳು. ಒಳಗೆ ಅಕ್ಕಿಕಾಳಿನಂಥ ಒಂದು ಹುಳ ಸುಖವಾಗಿ ಮಲಗಿತ್ತು. ಮನೆಯೊಳಗೆ ಮಂಚದ ಮೇಲೆ ಮಲಗಿದವಳು ಅದನ್ನು ಹೇಗೆ ಕಂಡಳು ಎಂದು ನಾನು ಬಿಸಿಲಲ್ಲಿ ನಿಂತು ಬೆರಗಾದೆ.

ಆ ಚಳಿಗಾಲದ ಮಧ್ಯಾಹ್ನಗಳು ಈಗ ನೆನೆದರೆ ಯಾರದೋ ಕನಸಿನೊಳಗೆ ಇದ್ದು ಬಂದಂತೆ ಅನಿಸುತ್ತದೆ. ಮದುವೆಯಾದ ಮೇಲೆ ನಾವಿಬ್ಬರೂ ಹಾಗೆ ಕುಳಿತು ಮಾತಾಡಿದ್ದಿಲ್ಲ. ನಾನು ಡ್ಯೂಟಿಯಿಂದ ಬಂದರೆ ನಿದ್ದೆ, ಎದ್ದರೆ ಡ್ಯೂಟಿ. ಈಗ ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಿಧಾನವಾಗಿ ಸರಿದು ಹೋಗುವವರೆಗೆ ಒಂದು ಎಲೆಯ ಬಗ್ಗೆ ಮಾತಾಡುತ್ತಿದ್ದೆವು. ಎಲೆಯಿಂದ ಶುರುವಾದದ್ದು ಅವಳ ತವರಾದ ತೆಲಿಗಿಯ ಹಿತ್ತಲಿಗೆ, ಅವಳವ್ವ ಸೀರೆಯ ಸೆರಗಿನಲ್ಲಿ ಕಟ್ಟಿಕೊಟ್ಟ ಹೀರೆ ಬೀಜಕ್ಕೆ ಹೋಗುತ್ತಿತ್ತು. ಮಾತು ನಿಂತರೂ ಬೇಸರವಾಗುತ್ತಿರಲಿಲ್ಲ.

ಮಲ್ಲಿಗೆಯ ಕಾಲಕ್ಕೆ ಪಾಠ ಹಡಗಲಿಯಲ್ಲಿತ್ತು. ಗುಂಪಿನ ಒಬ್ಬಾಕೆಯ ಹೊಲದಲ್ಲಿ, ಸೂರ್ಯ ಹುಟ್ಟುವುದಕ್ಕೆ ಮುಂಚೆಯೇ ಸೇರಬೇಕೆಂದು ಹೇಳಿದ್ದರು. ನನ್ನಾಕೆಯ ಜೊತೆ ಮಲಗಲು ಪಕ್ಕದ ಮನೆಯಾಕೆಗೆ ಹೇಳಿ, ನಾನು ಹಿಂದಿನ ಸಂಜೆಯೇ ಹೋಗಿ ಅಲ್ಲಿ ಹಳೆಯ ಕಂಡಕ್ಟರ್ ಗೆಳೆಯನ ಮನೆಯಲ್ಲಿ ಉಳಿದೆ. ಅದೇ ಹಡಗಲಿಯಿಂದ ಎಷ್ಟೋ ವರ್ಷ ಮೊದಲ ಬಸ್ಸು ಹೊರಡಿಸಿದ್ದೆ. ಹೂವಿನ ಬುಟ್ಟಿಗಳು ಏರುತ್ತಿದ್ದವು, ಒದ್ದೆ ಬಟ್ಟೆ ಹೊದ್ದ ಬುಟ್ಟಿಗಳ ವಾಸನೆ ಇಂಜಿನ್ನಿನ ಬಿಸಿಗೆ ಸೇರಿ ತಲೆ ಭಾರವಾಗುತ್ತಿತ್ತು. ಆದರೆ ಆ ಹೂವು ಎಲ್ಲಿಂದ ಬರುತ್ತದೆ ಎಂದು ನೋಡಿದ್ದು ಅಂದೇ ಮೊದಲು. ಮೂಡಣದಲ್ಲಿ ಇನ್ನೂ ಬೂದು ಬೆಳಕು. ಮೊಣಕಾಲೆತ್ತರದ ಗಿಡಗಳ ನಡುವೆ ಹೆಂಗಸರು ಬಾಗಿ ಸರಿಯುತ್ತಿದ್ದರು. ಬೆರಳುಗಳಷ್ಟೇ ಆಡುತ್ತಿದ್ದವು, ಮಾತಿಲ್ಲ. ಬಿಡಿಸುತ್ತಿದ್ದುದು ಹೂವನ್ನಲ್ಲ, ಮೊಗ್ಗನ್ನು. ಸಂಜೆ ಯಾವುದೋ ಊರಿನಲ್ಲಿ, ಯಾರದೋ ಮುಡಿಯಲ್ಲಿ ಅದು ಅರಳುತ್ತದೆ ಎಂದು ಟೀಚರಕ್ಕ ಮೆಲ್ಲಗೆ ಹೇಳಿದರು. ಹೊಲದ ಆಕೆ ಬೇರು ಬಿಟ್ಟ ಒಂದು ಸಸಿಯನ್ನು ಮಣ್ಣು ಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ನನ್ನ ಕೈಗಿತ್ತಳು. ಅಕ್ಕನಿಗೆ ಕೊಡಿ ಎಂದಳು.

ಮನೆಗೆ ಬರುವ ಬಸ್ಸಿನ ಡ್ರೈವರ್ ನನ್ನ ಜೊತೆ ಕೆಲಸ ಮಾಡಿದವನು. ಮುಂದೆ ಬಂದು ಕುಳಿತುಕೋ ಎಂದು ಕರೆದ. ನಾನು ಹಿಂದೆ ಕಿಟಕಿಯ ಪಕ್ಕವೇ ಉಳಿದೆ. ತೊಡೆಯ ಮೇಲೆ ಸಸಿ. ಹೊರಗೆ ಹೊಲಗಳು ಹರಿದು ಹೋಗುತ್ತಿದ್ದವು. ಸಜ್ಜೆ ಕೊಯ್ದ ಹೊಲ, ಸೂರ್ಯಕಾಂತಿಯ ಹೊಲ, ಬದುವಿನ ಮೇಲೆ ಒಂಟಿ ಬೇವು, ಅದರ ಕೆಳಗೆ ಹೊದಿಕೆ ಹಾಸಿ ಮಲಗಿದ ಒಬ್ಬ ಮನುಷ್ಯ. ಇವೆಲ್ಲ ಆಗಲೂ ಇದ್ದವೇ ಎಂದುಕೊಂಡೆ.

ಸಸಿಯನ್ನು ಅವಳು ಮಂಚದ ಮೇಲೆಯೇ ಇಸಿದುಕೊಂಡು ಬೇರಿನ ಮಣ್ಣನ್ನು ಮೂಸಿ ನೋಡಿದಳು. ಬಿಸಿಲು ಜಾಸ್ತಿ, ಈಗಲೇ ಮೇಲೆ ಒಯ್ಯುವುದು ಬೇಡ, ಬಚ್ಚಲ ಪಕ್ಕದ ನೆರಳಲ್ಲಿ ಇಡಿ ಎಂದಳು.

ಅದಾದ ಮೇಲೆ ಬೇಸಿಗೆ ಬಂತು, ಬೇಸಿಗೆಯ ಜೊತೆ ಕೋತಿಗಳು ಬಂದವು. ಹೊರಗೆ ನೀರು, ಹಣ್ಣು ಯಾವುದೂ ಸಿಗದೆ ಊರೊಳಗೆ ಇಳಿದಿದ್ದವು. ನಾನು ಔಷಧಿ ತರಲು ಅಂಗಡಿಗೆ ಹೋಗಿದ್ದೆ. ತಿರುಗಿ ಬರುವಾಗ ಬೀದಿಯ ಜನ ನಮ್ಮ ಮಾಳಿಗೆ ನೋಡುತ್ತಾ ನಿಂತಿದ್ದರು. ಕೋಲು ಹಿಡಿದು ಮೇಲೆ ಹತ್ತಿದೆ. ಒಂದು ದೊಡ್ಡ ಗಂಡುಕೋತಿ ಅರೆಹಣ್ಣು ಟೊಮೆಟೊ ಕಚ್ಚುತ್ತಾ ನನ್ನನ್ನೊಮ್ಮೆ ನೋಡಿ, ಅವಸರವಿಲ್ಲದೆ ಪಕ್ಕದ ಮನೆಗೆ ದಾಟಿತು. ಅವರೆ ಚಪ್ಪರ ನೆಲಕ್ಕೆ ಬಿದ್ದಿತ್ತು. ಬದನೆ ಗಿಡಗಳು ಬುಡಸಮೇತ ಹೊರಗಿದ್ದವು. ಕೊಡಗಳು ಚೂರಾಗಿ, ಅವಳು ಎಷ್ಟೋ ವರ್ಷ ಹದ ಮಾಡಿದ ಮಣ್ಣು ಮಾಳಿಗೆ ತುಂಬ ಚೆಲ್ಲಿ ಬಿಸಿಲಿಗೆ ಬಿಳಿಚಿಕೊಳ್ಳುತ್ತಿತ್ತು.

ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕೆಳಗಿಳಿದೆ. ಹೇಳಬೇಕಾದ್ದೇ ಇರಲಿಲ್ಲ. ಒಂದೊಂದು ಕೊಡ ಬೀಳುವುದನ್ನೂ ಅವಳು ಕೆಳಗೆ ಮಲಗಿ ಕೇಳಿಸಿಕೊಂಡಿದ್ದಳು. ವಾಕರ್ ಹಿಡಿದು ಮೆಟ್ಟಿಲವರೆಗೆ ಹೋಗಿ, ಮೊದಲ ಮೆಟ್ಟಿಲಿಗೆ ಕಾಲಿಡಲಾಗದೆ ತಿರುಗಿ ಬಂದಿದ್ದಳು.

"ಏನರ ಉಳಿದೈತೇನ್ರಿ?" ಎಂದಳು.

"ಬಚ್ಚಲ ಹಂತೇಕ ಮಲ್ಲಿಗಿ ಐತಿ."

ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಿಗ್ಗೆ ಕಿಟಕಿಯಿಂದ ಕೂಗು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೆಲವು ದಿನಗಳ ಮೇಲೆ ತೋರಿಸಿದಾಗ ಕಾಲು ಕೂಡಿದೆ, ಇನ್ನು ಮೆಟ್ಟಿಲು ಹತ್ತಬಹುದು ಎಂದರು ಡಾಕ್ಟರು. ಅವಳು ಮಾತ್ರ ಮೇಲೇನಿದೆ ಹತ್ತಲಿಕ್ಕೆ ಎಂದಳು. ನಾನು ಹಳೆಯ ಪಾಠಗಳನ್ನು ನೆನಪಿಸಿದರೆ ಹೂಂ ಎನ್ನುತ್ತಿದ್ದಳು, ಕಣ್ಣು ಬೇರೆಲ್ಲೋ ಇರುತ್ತಿತ್ತು.

ಮುಂದಿನ ಪಾಠದಲ್ಲಿ ಟೀಚರಕ್ಕ ಅಕ್ಕ ಹೇಗಿದ್ದಾರೆ ಎಂದು ವಾಡಿಕೆಯಂತೆ ಕೇಳಿದರು. ಚೆನ್ನಾಗಿದ್ದಾಳೆ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಅಷ್ಟು ಜನರ ನಡುವೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಕೋತಿಗಳದ್ದು, ಕೊಡಗಳದ್ದು, ಬೆಳಿಗ್ಗೆಗಳು ಸುಮ್ಮನಾದದ್ದು. ಯಾರೂ ಅಯ್ಯೋ ಎನ್ನಲಿಲ್ಲ. ಟೀಚರಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, "ಅಣ್ಣಾರ, ಮುಂದಿನ ಪಾಠ ನಿಮ್ಮ ಮನ್ಯಾಗ. ಅಕ್ಕಗ ಹೇಳಬ್ಯಾಡ್ರಿ, ಹೇಳಿದ್ರ ಬ್ಯಾಡ ಅಂತಾಳ," ಎಂದರು.

ಬೇಸಿಗೆಯ ಒಂದೆರಡು ಅಡ್ಡಮಳೆ ಬಿದ್ದು ಗಾಳಿ ತಂಪಾಗಿದ್ದ ಭಾನುವಾರ ಅವರೆಲ್ಲ ಬಂದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬೊಬ್ಬರ ಕೈಯಲ್ಲೂ ಏನೋ ಒಂದು. ದೊಡ್ಡಪತ್ರೆಯ ಕಡ್ಡಿ, ಹಸಿಶುಂಠಿಯ ಗಡ್ಡೆ, ಹಾಗಲ ಬೀಜ, ಹಳೆಯ ಬಕೆಟ್ಟು, ಒಂದು ಚೀಲ ಮಣ್ಣು. ನನ್ನಾಕೆ ಗಡಬಡಿಸಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಅಡಿಗೆಮನೆಗೆ ಹೋಗಿಬಿಟ್ಟೆ.

ಅವರು ಮೇಲೆ ಹತ್ತಿ ಕೆಲಸ ಶುರುಮಾಡಿದರು. ಮಾಳಿಗೆ ಗುಡಿಸುವ ಸದ್ದು, ನಗು, ಯಾರೋ ಯಾರನ್ನೋ ಗದರುವುದು ಕೆಳಗೆ ಕೇಳಿಸುತ್ತಿತ್ತು. ಅವಳು ಮಂಚದ ತುದಿಯಲ್ಲಿ ಕುಳಿತು ಚಾವಣಿಯನ್ನು ನೋಡುತ್ತಿದ್ದಳು. ಸದ್ದು ಎತ್ತ ಹೋದರೆ ಅವಳ ಕಣ್ಣೂ ಅತ್ತ. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. "ಟ್ಯಾಂಕಿನ ಕಡೆ ಬಳ್ಳಿ ಹಚ್ಚಬ್ಯಾಡಂತ ಹೇಳ್ರಿ, ಅಲ್ಲಿ ಬಿಸಿಲು ಬರಂಗಿಲ್ಲ," ಎಂದಳು. ನಾನು ಹೋಗಿ ಹೇಳಿದೆ. ಬಂದೆ. ಇನ್ನೊಂದು ಹೇಳಿದಳು. ಮತ್ತೆ ಹತ್ತಿದೆ. ನನಗೆ ಏದುಸಿರು ಬಂದದ್ದನ್ನು ನೋಡಿ ಕೂಡ್ಲಿಗಿಯ ನರ್ಸ್ ಕೆಳಗಿಳಿದು ಬಂದು ಅವಳ ಮುಂದೆ ನಿಂತಳು. ನಿಂತು ಹತ್ತುವುದು ಬೇಡ, ಕುಂತು ಹತ್ತು ಎಂದಳು. ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಕೈ ಊರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುವುದು. ಕೂಸುಗಳು ಹತ್ತುವ ಹಾಗೆ.

ನಾನು ಕೆಳಗೆ ನಿಂತೆ. ಅವಳು ನನ್ನ ಕಡೆ ಮುಖ ಮಾಡಿಕೊಂಡೇ ನನ್ನಿಂದ ಮೇಲೆ ಮೇಲೆ ಹೋಗುತ್ತಿದ್ದಳು. ಮೊದಲು ತುಟಿ ಕಚ್ಚಿದ್ದಳು. ಅರ್ಧಕ್ಕೆ ಬಂದಾಗ ನಿಂತು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮತ್ತೆ ಏರಿದಳು. ತಲೆ ಮಾಳಿಗೆಯ ಬೆಳಕಿಗೆ ತಾಗಿದ್ದೇ ಮುಖ ಬೇರೆಯಾಯಿತು. ನಾನು ಅಷ್ಟು ವರ್ಷ ಬಸ್ಸಿನ ಗಾಜಿನಲ್ಲಿ ಎಷ್ಟೋ ಸೂರ್ಯೋದಯ ನೋಡಿದ್ದೇನೆ. ಯಾವುದೂ ಹಾಗೆ ನನ್ನನ್ನು ಹಿಡಿದು ನಿಲ್ಲಿಸಿದ್ದಿಲ್ಲ.

ಅಂದಿನ ಪಾಠ ಕೋತಿಗಳದ್ದು. ಅವುಗಳ ಮೇಲೆ ಸಿಟ್ಟಿನಿಂದ ಪ್ರಯೋಜನವಿಲ್ಲ, ಅವು ತಿನ್ನದ್ದನ್ನು ಹೊರಗಿನ ಸಾಲಿಗೆ ಬೆಳೆಯಿರಿ, ತಿನ್ನುವುದನ್ನು ಹಳೆಯ ಬಲೆಯ ಒಳಗಿಡಿ ಎಂದು ಟೀಚರಕ್ಕ ಹೇಳಿದರು. ನನ್ನಾಕೆ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಬಕೆಟ್ಟು ಇಟ್ಟುಕೊಂಡು, ಮಣ್ಣಿಗೆ ಕೈ ಹಾಕಿ ಶುಂಠಿ ಊರುತ್ತಿದ್ದಳು. ಎಲ್ಲರೂ ಹೋದ ಮೇಲೂ ಕೆಳಗೆ ಬರಲು ಒಪ್ಪಲಿಲ್ಲ. ಚಹಾ ಮೇಲೆಯೇ ಒಯ್ದು ಕೊಟ್ಟೆ. ಹಕ್ಕಿಗಳು ಗೂಡಿಗೆ ಹೋಗುವ ಹೊತ್ತು. ಹೊಸ ಮಣ್ಣಿನ ತಂಪು ವಾಸನೆ ಸುತ್ತ ನಿಂತಿತ್ತು.

ಈಗ ಪಾಠಕ್ಕೆ ಇಬ್ಬರೂ ಹೋಗುತ್ತೇವೆ. ಹೋದ ಸಲ ಹಗರಿಬೊಮ್ಮನಹಳ್ಳಿಯಲ್ಲಿ, ಒಂದು ಮನೆಯ ಅಂಗಳದಲ್ಲಿ, ಮಾತಾಡುವ ಸರದಿ ಅವಳದಾಗಿತ್ತು. ಊರುಗೋಲು ಗೋಡೆಗೆ ಒರಗಿಸಿ ನಿಂತು ಹಾಗಲ ಬಳ್ಳಿಯ ಬಗ್ಗೆ ಹೇಳುತ್ತಿದ್ದಳು. ನಡುವೆ ಬೀದಿಯಲ್ಲಿ ಕುರಿಗಳ ಹಿಂಡು ಬಂತು. ಗಂಟೆ, ಗೊರಸು, ಮರಿಗಳ ಕೂಗು ಸೇರಿ ಯಾರ ಮಾತೂ ಕೇಳಿಸದಾಯಿತು. ಅವಳು ಅರ್ಧಕ್ಕೆ ನಿಲ್ಲಿಸಿ, ಬಾಗಿಲ ಕಡೆ ನೋಡುತ್ತಾ ಕಾದಳು. ಎಲ್ಲರೂ ಕಾದೆವು. ಧೂಳು ಅಂಗಳದ ಬಿಸಿಲಿನೊಳಗೆ ಬಂದು ಬಂಗಾರದ ಬಣ್ಣಕ್ಕೆ ತಿರುಗಿ ನಿಧಾನವಾಗಿ ಕೆಳಗಿಳಿಯಿತು. ಕೊನೆಯ ಗಂಟೆ ದೂರ ಹೋದ ಮೇಲೆ ಅವಳು ನಮ್ಮ ಕಡೆ ತಿರುಗಿ, ಎಲ್ಲಿ ಬಿಟ್ಟಿದ್ದೆ ಎಂದು ಕೇಳಿದಳು.